ಗುಡ್ ಪಿಜ್ಜಾ, ಗ್ರೇಟ್ ಪಿಜ್ಜಾ: ಒಗಟು ಬಿಡಿಸಿದರೆ ಗಲ್ಲಾ ತುಂಬುವ ಆಟ

ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಸುಸಲಾ-ಮಿರ್ಚಿ ಬಂಡಿಯಲ್ಲಿ ಗಿರಾಕಿ ‘ಖಾರ ಜರಾ ಕಮ್ಮಿ, ಉಳ್ಳಾಗಡ್ಡಿ ಜಾಸ್ತಿ’ ಅಂದರೆ ಸಾಕು, ಬಂಡಿಯವರ ಕೈ ತಾನೇ ಓಡುತ್ತದೆ. ಟ್ಯಾಪ್‌ಬ್ಲೇಜ್‌ನ ಈ ಮೊಬೈಲ್ ಆಟದಲ್ಲಿ ನೀವು ನಡೆಸುವ ಪಿಜ್ಜಾ ಅಂಗಡಿಯ ಗಿರಾಕಿಗಳು ಅಷ್ಟು ನೇರ ಅಲ್ಲ. ಬೇಕಾದ್ದನ್ನು ಎಷ್ಟೋ ಸಲ ಒಗಟಿನಲ್ಲೇ ಕೇಳುತ್ತಾರೆ. ತಿಳಿಯದಿದ್ದರೆ ‘ವಾಟ್?’ ಗುಂಡಿ ಒತ್ತಿ, ಸುಳಿವು ಸಿಗುತ್ತದೆ. ಊಹೆಯ ಮೇಲೆ ಮಾಡಬೇಡಿ. ಪಿಜ್ಜಾ ತಪ್ಪಾದರೆ ದುಡ್ಡೂ ಇಲ್ಲ, ಹಾಕಿದ ಸಾಮಾನೂ ಹೋಯಿತು.

ಮಾಡುವ ಕ್ರಮ ಸುಲಭ: ಹಿಟ್ಟು, ಸಾಸ್, ಚೀಸ್, ಮೇಲಿನ ಸಾಮಾನು, ಓವನ್, ಕೊನೆಗೆ ಕತ್ತರಿಸುವುದು. ಲಾಭ ಸೋರುವುದು ಮಾತ್ರ ಸಾಸ್, ಚೀಸ್ ಹಂತದಲ್ಲೇ. ಬೆರಳು ಒಂದೇ ಕಡೆ ಆಡಿಸಿದರೆ ಸಾಮಾನು ಖರ್ಚಾಗುತ್ತದೆ, ಅಂಚು ಖಾಲಿ ಉಳಿಯುತ್ತದೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬನ್ನಿ, ಹಿಟ್ಟು ಮುಚ್ಚಿದ ಕೂಡಲೇ ನಿಲ್ಲಿಸಿ. ಪೆಪ್ಪರೋನಿ (ಮಸಾಲೆ ಹಾಕಿದ ಮಾಂಸ) ಬಿಲ್ಲೆಗಳನ್ನೂ ಹೊರಸುತ್ತಿನಿಂದ ಸಮ ಅಂತರದಲ್ಲಿ ಇಡಿ. ಅರ್ಧ ಭಾಗಕ್ಕೆ ಮಾತ್ರ ಕೇಳಿದಾಗ ನಡುಗೆರೆ ದಾಟಬಾರದು.

ಮೊದಲ ಗಳಿಕೆಯನ್ನು ಅಂಗಡಿಯ ಅಲಂಕಾರಕ್ಕೆ ಸುರಿಯದೆ ಓವನ್ ವೇಗಕ್ಕೆ ಹಾಕಿ. ಕಾಯುವ ಗಿರಾಕಿಯ ತಾಳ್ಮೆ ಉಳಿಯುತ್ತದೆ. ಆಟ ಉಚಿತ, ಜಾಹೀರಾತು ಇದೆ. ಒಗಟುಗಳು ಇಂಗ್ಲಿಷ್ ಮಾತಿನ ಚಮತ್ಕಾರವನ್ನೇ ನಂಬಿವೆ, ಕನ್ನಡದಲ್ಲಿ ಆಡಲಾಗದ್ದೇ ದೊಡ್ಡ ಕೊರತೆ. ಚಿಕ್ಕ ಮಕ್ಕಳು ಆಡುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಲಿ.