ಕೆರೆ ಸುತ್ತೋದಾ, ಬೆಟ್ಟ ಹತ್ತೋದಾ?

ಹೃದಯ ಗಟ್ಟಿಯಾಗಿರಲಿ ಅಂತ ನಡಿಗೆ ಶುರು ಮಾಡುವ ಮೈಸೂರಿನವರಿಗೆ ಮೊದಲು ನೆನಪಾಗುವುದು ಎರಡು ಜಾಗ: ಕುಕ್ಕರಹಳ್ಳಿ ಕೆರೆ, ಚಾಮುಂಡಿ ಬೆಟ್ಟ.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆ, ಇಲ್ಲವೇ 75 ನಿಮಿಷ ಏದುಸಿರು ಬರಿಸುವ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆರೆ ಮೊದಲನೆಯದಕ್ಕೆ, ಬೆಟ್ಟ ಎರಡನೆಯದಕ್ಕೆ.

ಬೆಟ್ಟದ್ದು ಸುಮಾರು ಸಾವಿರ ಮೆಟ್ಟಿಲು. ಕಡಿಮೆ ಹೊತ್ತಿನಲ್ಲಿ ಜಾಸ್ತಿ ಕೆಲಸ. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರನ್ನು ನೋಡಿದರೆ ನಮಗೂ ಹುರುಪು ಬರುತ್ತದೆ. ಆದರೆ ಇಳಿಯುವಾಗ ಮಂಡಿಗೆ ಪೆಟ್ಟು. ಬಿಪಿ, ಶುಗರ್ ಇದ್ದವರು, ವರ್ಷಗಟ್ಟಲೆ ಕೂತೇ ಕೆಲಸ ಮಾಡಿದವರು ಡಾಕ್ಟರನ್ನು ಕೇಳದೆ ಹತ್ತಬೇಡಿ. ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿ. ಗ್ಯಾಸ್ ಇರಬೇಕು ಅಂತ ಸುಮ್ನೆ ಇರಬೇಡಿ.

ಕೆರೆ ದಾರಿ ಸಮತಟ್ಟು, ಮರದ ನೆರಳಿದೆ. ಜೊತೆಯವರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಹೊಸಬರಿಗೆ ನಾನು ಹೇಳುವುದು ಕೆರೆಯನ್ನೇ. ದಿನಾ ಅರ್ಧ ಗಂಟೆ, ವಾರಕ್ಕೆ ಐದು ದಿನ. ಬೆಟ್ಟಕ್ಕೆ ಭಾನುವಾರ ಮಾತ್ರ ಹೋದರೆ ಉಳಿದ ದಿನ ಕೂತೇ ಇರುತ್ತೇವೆ, ಅಲ್ವಾ? ಮೂರು ತಿಂಗಳು ಕೆರೆ ಸುತ್ತಿ ಅಭ್ಯಾಸವಾದ ಮೇಲೆ ಬೆಟ್ಟ ಹತ್ತಿ, ದಾರಿಯಲ್ಲಿ ಸಿಗುವ ದೊಡ್ಡ ನಂದಿ ವಿಗ್ರಹದವರೆಗೆ ಸಾಕು.

ಎರಡರಲ್ಲಿ ಯಾವುದೇ ಆಗಲಿ, ಬೀಡಿ ಸಿಗರೇಟು ಬಿಡಲೇಬೇಕು. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳದಲ್ಲಿರುವುದೂ ಅದರಲ್ಲೇ ಲೆಕ್ಕ.