ಹಳೇ ನಂಬರ್‌ಗೆ ರೀಚಾರ್ಜ್ ನಿಲ್ಲಿಸುವ ಮುಂಚೆ

ಎರಡನೇ ಸಿಮ್‌ಗೆ ತಿಂಗಳು ತಿಂಗಳು ದುಡ್ಡು ಸುರಿಯುವುದು ದಂಡ ಅನಿಸಿ ರೀಚಾರ್ಜ್ ಬಿಟ್ಟವರು ಬಹಳ ಮಂದಿ. ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ. ಸ್ವಲ್ಪ ದಿನಕ್ಕೆ ಒಳಬರುವುದೂ ನಿಲ್ಲುತ್ತದೆ. ಆದರೆ ಆ ನಂಬರಿನ ವಾಟ್ಸಾಪ್ ಮಾತ್ರ ವೈಫೈನಲ್ಲಿ ಆರಾಮಾಗಿ ಓಡುತ್ತಿರುತ್ತದೆ. ಅದನ್ನು ನೋಡಿ ಎಲ್ಲವೂ ಸರಿಯಿದೆ ಅಂದುಕೊಳ್ಳುತ್ತೇವೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ನಂಬರ್ ನಮ್ಮ ಸೊತ್ತಲ್ಲ, ಬಾಡಿಗೆಗೆ ಸಿಕ್ಕಿದ್ದು. ಕಡಿತವಾದ ನಂಬರನ್ನು 90 ದಿನ ಬೇರೆಯವರಿಗೆ ಕೊಡುವಂತಿಲ್ಲ, ಆಮೇಲೆ ಕೊಡಬಹುದು. 2023ರ ನವೆಂಬರ್‌ನಲ್ಲಿ ಇದೇ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹಳೇ ನಂಬರಿನ ವಾಟ್ಸಾಪ್ ಖಾತೆ ಅಳಿಸಿ ತಮ್ಮ ಗೋಪ್ಯತೆ ಕಾಪಾಡಿಕೊಳ್ಳುವುದು ಗ್ರಾಹಕರ ಕೈಯಲ್ಲೇ ಇದೆ ಎಂದು ಕೋರ್ಟ್ ಹೇಳಿತು. ಅಂದರೆ ಈ ಕೆಲಸ ನಮ್ಮ ಪರವಾಗಿ ಯಾರೂ ಮಾಡುವುದಿಲ್ಲ.

ಆ ನಂಬರ್ ದಾವಣಗೆರೆಯ ಯಾವುದೋ ಅಂಗಡಿಯಲ್ಲಿ ಒಬ್ಬ ಕಾಲೇಜು ಹುಡುಗನ ಕೈಸೇರಿತು ಅಂದುಕೊಳ್ಳಿ. ಅವನು ವಾಟ್ಸಾಪ್ ಹಾಕಿಕೊಂಡು ಒಟಿಪಿ ಕೊಟ್ಟ ಕ್ಷಣ ನಿಮ್ಮ ಫೋನಿನಲ್ಲಿ ಲಾಗೌಟ್ ಆಗುತ್ತದೆ. ಹಳೇ ಮಾತುಕತೆ ಅವನಿಗೆ ಸಿಗುವುದಿಲ್ಲ, ಅದು ಉಳಿಯುವುದು ನಿಮ್ಮ ಫೋನಿನಲ್ಲಿ, ಬ್ಯಾಕಪ್‌ನಲ್ಲಿ. ಆದರೆ ಹೊಸದಾಗಿ ಬರುವುದೆಲ್ಲ ಅವನಿಗೇ. ‘ಅಮ್ಮಾ, ಬೆಳಗಿನ ಮಾತ್ರೆ ತಗೊಂಡ್ಯಾ?’ ಅಂತ ಮಗಳು ಕಳಿಸಿದ್ದು, ಲ್ಯಾಬಿನವರು ಕಳಿಸಿದ ರಕ್ತಪರೀಕ್ಷೆಯ ಪಿಡಿಎಫ್, ಚೀಟಿ ದುಡ್ಡಿನ ಲೆಕ್ಕ, ಎಲ್ಲವೂ. ಆ ಹುಡುಗನದು ಇದರಲ್ಲಿ ಏನೂ ತಪ್ಪಿಲ್ಲ. ಅವನು ಸಿಮ್ ಕೊಂಡ, ಅಷ್ಟೆ.

ವಾಟ್ಸಾಪ್‌ಗೆ ಆರು ಅಂಕಿಯ ಟೂ-ಸ್ಟೆಪ್ ಪಿನ್ (ಒಟಿಪಿಯ ಜೊತೆಗೆ ಕೇಳುವ ಗುಟ್ಟಿನ ಸಂಖ್ಯೆ) ಇಟ್ಟಿದ್ದೇವಲ್ಲ ಅನ್ನುವವರಿಗೆ ಒಂದು ಮಾತು. ಪಿನ್ ಗೊತ್ತಿಲ್ಲದಿದ್ದರೂ ಏಳು ದಿನ ಕಾದರೆ ನಂಬರ್ ಇದ್ದವರು ಹೊಸ ಪಿನ್ ಇಟ್ಟುಕೊಳ್ಳಬಹುದು. ಪಿನ್ ಕಳ್ಳನನ್ನು ತಡೆಯಲು ಒಳ್ಳೆಯದು, ಕೈಬಿಟ್ಟ ನಂಬರನ್ನು ಉಳಿಸಿಕೊಳ್ಳಲು ಸಾಲದು.

ವಾಟ್ಸಾಪ್‌ಗಿಂತ ಕೆಟ್ಟದ್ದು ಪಾಸ್‌ವರ್ಡೇ ಇಲ್ಲದ ಆ್ಯಪ್‌ಗಳು. ಊಟ ತರಿಸುವುದು, ಸಾಮಾನು ತರಿಸುವುದು, ಕ್ಯಾಬ್ ಕರೆಯುವುದು, ಇವುಗಳಲ್ಲಿ ಹೆಚ್ಚಿನವಕ್ಕೆ ನಂಬರ್ ಮತ್ತು ಒಟಿಪಿ ಇದ್ದರೆ ಬಾಗಿಲು ತೆರೆದಂತೆ. ಹೊಸಬರು ತಮ್ಮದೇ ಹೊಸ ಖಾತೆ ಅಂತ ತೆರೆದರೆ ಕಾಣುವುದು ನಿಮ್ಮ ಹೆಸರು, ಹಳೇ ಆರ್ಡರುಗಳು, ‘ಗಣಪತಿ ಗುಡಿ ಹಿಂದೆ, ನೀಲಿ ಗೇಟು, ಎರಡನೇ ಮಹಡಿ’ ಎಂಬ ವಿಳಾಸ, ಕೆಲವೊಮ್ಮೆ ವ್ಯಾಲೆಟ್‌ನಲ್ಲಿ ಉಳಿದ ದುಡ್ಡು. ಇಮೇಲ್, ಸಾಮಾಜಿಕ ಜಾಲತಾಣದ ಖಾತೆಗಳಿಗೆ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿದರೂ ಎಷ್ಟೋ ಕಡೆ ಕೋಡ್ ಹೋಗುವುದು ಅದೇ ನಂಬರಿಗೆ.

ಇದು ಅಪರೂಪದ ಪ್ರಕರಣವೇನಲ್ಲ. 2021ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕೆವಿನ್ ಲೀ ಮತ್ತು ಅರವಿಂದ ನಾರಾಯಣನ್ ಅಮೆರಿಕದ ಎರಡು ಟೆಲಿಕಾಂ ಕಂಪನಿಗಳಲ್ಲಿ ಹೊಸ ಗ್ರಾಹಕರಿಗೆ ಸಿಗುತ್ತಿದ್ದ 259 ನಂಬರುಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 171ಕ್ಕೆ ಹೆಸರಾಂತ ಜಾಲತಾಣಗಳಲ್ಲಿ ಇನ್ನೂ ಯಾರದ್ದೋ ಖಾತೆ ಅಂಟಿಕೊಂಡಿತ್ತು.

ಕಂಪನಿಗಳು ನಂಬರನ್ನೇ ಕೀಲಿ ಮಾಡಿಕೊಂಡದ್ದಕ್ಕೆ ಅವರದ್ದೇ ಅನುಕೂಲ ಕಾರಣ. ಪಾಸ್‌ವರ್ಡ್ ಮರೆತವರ ತಲೆನೋವಿಲ್ಲ, ಜೊತೆಗೆ ಜಾಹೀರಾತಿಗೂ ನಂಬರ್ ಬೇಕು. ಖಾತೆಯ ಭದ್ರತೆಗೆಂದು ಪಡೆದ ನಂಬರನ್ನು ಜಾಹೀರಾತಿಗೆ ಬಳಸಿದ್ದಕ್ಕೆ 2022ರಲ್ಲಿ ಟ್ವಿಟರ್ ಅಮೆರಿಕದಲ್ಲಿ 15 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. ಪಡೆಯುವಾಗ ಇರುವ ಆತುರ ಬಿಡುವಾಗ ಇಲ್ಲ. ‘ಈ ನಂಬರ್ ಈಗ ನಿಮ್ಮದೇನಾ?’ ಎಂದು ವರ್ಷಕ್ಕೊಮ್ಮೆಯಾದರೂ ಕೇಳುವ ಆ್ಯಪ್ ಎಷ್ಟಿವೆ ಹೇಳಿ.

ಬ್ಯಾಂಕುಗಳ ಕಡೆ ಸ್ವಲ್ಪ ಸುಧಾರಿಸಿದೆ. ಕಡಿತವಾದ ನಂಬರುಗಳ ಪಟ್ಟಿ ನೋಡಿ ದಾಖಲೆ ಸರಿಪಡಿಸಿಕೊಳ್ಳಿ ಎಂದು ಆರ್‌ಬಿಐ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಯುಪಿಐ ಆ್ಯಪ್‌ಗಳು ವಾರಕ್ಕೊಮ್ಮೆಯಾದರೂ ಇದನ್ನು ಮಾಡಬೇಕೆಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಕೂಡ ಹೇಳಿದೆ. ಆದರೂ ನೆಂಟರು ಅಭ್ಯಾಸಬಲದಿಂದ ಹಳೇ ನಂಬರಿಗೆ ದುಡ್ಡು ಹಾಕಿದರೆ, ಆ ನಂಬರಿನಲ್ಲಿ ಹೊಸಬರು ಯುಪಿಐ ತೆರೆದಿದ್ದರೆ, ದುಡ್ಡು ಅವರಿಗೇ. ಕಳಿಸುವ ಮುಂಚೆ ಪರದೆಯ ಮೇಲೆ ಬರುವ ಹೆಸರು ಓದಿ ಅಂತ ಮನೆಯವರಿಗೆಲ್ಲ ಹೇಳಿಡಿ.

ನಂಬರ್ ಬಿಡಲೇಬೇಕಾ ಅಂತ ಮೊದಲು ಯೋಚಿಸಿ. ಪ್ಲಾನ್ ದುಬಾರಿ ಅನ್ನುವುದಷ್ಟೇ ಕಾರಣವಾದರೆ PORT ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ನಂಬರ್ ಹಾಕಿ, ಅದೇ ಸಿಮ್ಮಿನಿಂದ 1900ಕ್ಕೆ ಸಂದೇಶ ಕಳಿಸಿ ಬೇರೆ ಕಂಪನಿಗೆ ಹೋಗಬಹುದು, ನಂಬರ್ ಉಳಿಯುತ್ತದೆ. ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಲಾನ್‌ಗಳೂ 2025ರಿಂದ ಬಂದಿವೆ. ಇನ್ನು 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ನಂಬರ್ ಹೋಗುವುದಿಲ್ಲ ಅನ್ನುವ ಮಾತು. ಬಳಸದ ಪ್ರಿಪೇಯ್ಡ್ ನಂಬರನ್ನು 20 ರೂಪಾಯಿ ಇರುವಷ್ಟು ಕಾಲ ಕಡಿತ ಮಾಡಬಾರದು ಎಂದು ಟೆಲಿಕಾಂ ನಿಯಂತ್ರಕ ಟ್ರಾಯ್ 2013ರಲ್ಲೇ ನಿಯಮ ಮಾಡಿದ್ದು ನಿಜ. ಆದರೆ ಪ್ಲಾನ್ ಮುಗಿದ ಮೇಲೂ ಒಟಿಪಿ ಬರುತ್ತಲೇ ಇರುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ವಿದೇಶಕ್ಕೆ ಹೊರಟವರು ಮುಖ್ಯವಾಗಿ ಇದನ್ನು ಗಮನಿಸಿ, ರೋಮಿಂಗ್ ಇಲ್ಲಿಂದಲೇ ಚಾಲೂ ಮಾಡಿಸಿಕೊಂಡು ಹೋಗಿ.

ಬಿಡುವುದೇ ಖಚಿತವಾದರೆ ಎರಡೂ ಸಿಮ್ ಜೀವಂತ ಇರುವಾಗಲೇ ಕೆಲಸ ಶುರುಮಾಡಿ. ನಂಬರ್ ಬದಲಿಸಲು ಹಳೇ ನಂಬರಿಗೇ ಒಟಿಪಿ ಕಳಿಸುವವರು ಬಹಳ, ಸಿಮ್ ಸತ್ತ ಮೇಲೆ ಆ ದಾರಿ ಮುಚ್ಚುತ್ತದೆ.

ಮೊದಲು ಆಧಾರ್. ಡಿಜಿಲಾಕರ್, ಪಿಎಫ್, ಆದಾಯ ತೆರಿಗೆ ಇವೆಲ್ಲ ಆಧಾರ್ ಒಟಿಪಿಗೆ ಜೋತುಬಿದ್ದಿವೆ. ಆಧಾರ್ ಕೇಂದ್ರದಲ್ಲಿ ಕೊಟ್ಟರೆ ಬದಲಾಗಲು ಕೆಲವು ದಿನ ಹಿಡಿಯುತ್ತದೆ, ಅದಕ್ಕೇ ಇದು ಮೊದಲು. ಆಮೇಲೆ ಬ್ಯಾಂಕ್, ಪ್ರತಿ ಖಾತೆಗೂ ಬೇರೆ ಬೇರೆಯಾಗಿ. ಅಮ್ಮನ ಪಿಂಚಣಿ ಖಾತೆ, ಹಳೇ ಸಂಬಳದ ಖಾತೆ ಮರೆತುಹೋಗುವಂಥವು.

ಮೂರನೆಯದು ಗೂಗಲ್. ನಂಬರ್ ಅಲ್ಲಿ ಒಂದೇ ಕಡೆ ಇರುವುದಿಲ್ಲ: ಪರ್ಸನಲ್ ಇನ್ಫೋದಲ್ಲಿ, ರಿಕವರಿ ಫೋನ್‌ನಲ್ಲಿ, ಟೂ-ಸ್ಟೆಪ್ ವೆರಿಫಿಕೇಶನ್‌ನಲ್ಲಿ ಬೇರೆ ಬೇರೆಯಾಗಿ ಇರಬಹುದು. ಮೂರೂ ಕಡೆ ಹುಡುಕಿ ಬದಲಿಸಿ. ರಿಕವರಿ ನಂಬರ್ ಬದಲಿಸಿದ ಮೇಲೂ ಏಳು ದಿನದವರೆಗೆ ಹಳೇ ನಂಬರಿಗೆ ಕೋಡ್ ಕಳಿಸುವ ಆಯ್ಕೆಯನ್ನು ಗೂಗಲ್ ಕೊಡಬಹುದು, ಹಾಗಾಗಿ ಹಿಂದಿನ ದಿನ ಮಾಡಿದರೆ ಆಗದು. ಹಾಗೆಯೇ ಬ್ಯಾಕಪ್ ಕೋಡ್‌ಗಳನ್ನು ತೆಗೆದುಕೊಳ್ಳಿ. ಎಂಟು ಅಂಕಿಯ ಹತ್ತು ಕೋಡ್ ಬರುತ್ತವೆ, ಕಾಗದದ ಮೇಲೆ ಬರೆದು ಪಾಸ್‌ಬುಕ್ ಇಡುವ ಜಾಗದಲ್ಲೇ ಇಡಿ.

ವಾಟ್ಸಾಪ್‌ನಲ್ಲಿ ಬ್ಯಾಕಪ್ ಮಾಡಿ, ಸೆಟ್ಟಿಂಗ್ಸ್, ಅಕೌಂಟ್, ಚೇಂಜ್ ನಂಬರ್. ಗ್ರೂಪುಗಳೂ ಮಾತುಕತೆಯೂ ಹೊಸ ನಂಬರಿಗೆ ಬರುತ್ತವೆ, ಹಳೇ ನಂಬರಿನ ಖಾತೆ ತಾನಾಗಿಯೇ ಅಳಿಯುತ್ತದೆ. ವಾಟ್ಸಾಪ್ ಬೇಡವೇ ಬೇಡ ಅನ್ನುವವರು ಡಿಲೀಟ್ ಅಕೌಂಟ್ ಒತ್ತಬೇಕು. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಖಾತೆ ಹೋಗುವುದಿಲ್ಲ.

ಗ್ಯಾಸ್ ಏಜೆನ್ಸಿ, ಫಾಸ್ಟ್ಯಾಗ್, ವಾಹನದ ಆರ್‌ಸಿ, ಕರೆಂಟ್ ಬಿಲ್, ಸೇವಾಸಿಂಧು, ರೈತರಾದರೆ ಫ್ರೂಟ್ಸ್ ನೋಂದಣಿ, ಮಕ್ಕಳ ಶಾಲೆ ಇವನ್ನೂ ನೋಡಿ.

ಹೊಸ ಸಿಮ್ ಕೊಳ್ಳುವವರೂ ಅಂಗಡಿಯಲ್ಲೇ ಒಂದು ನಿಮಿಷ ನಿಲ್ಲಿ. ಬೆರಳಚ್ಚು ಕೊಡುವ ಮುಂಚೆ ಆ ನಂಬರನ್ನು ಸೇವ್ ಮಾಡಿ ವಾಟ್ಸಾಪ್‌ನಲ್ಲಿ ನೋಡಿ. ಯಾರದ್ದೋ ಫೋಟೊ ಕಂಡರೆ ಬೇರೆ ನಂಬರ್ ಕೇಳಿ. ಇಲ್ಲದಿದ್ದರೆ ಅವರ ಸಾಲ ವಸೂಲಿಯವರ ಕರೆ ನಿಮಗೆ ಬರುತ್ತದೆ. ಬೇರೆಯವರ ಖಾತೆಗೆ ಒಟಿಪಿ ಬಂದರೆ ಕುತೂಹಲಕ್ಕೂ ಒಳಹೋಗಬೇಡಿ. ಬೇರೆಯವರ ಪಾಸ್‌ವರ್ಡ್‌ನಂಥದ್ದನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗೆ ಜೈಲು ಆಗಬಹುದು. ನಿಮ್ಮ ಹಳೇ ನಂಬರಿನಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಎಲ್ಲ ಮುಗಿಯಿತು ಅನಿಸಿದ ಮೇಲೆ ಹಳೇ ಸಿಮ್ಮನ್ನು ಒಂದು ಬಟನ್ ಫೋನಿಗೆ ಹಾಕಿ ಮೂರು ತಿಂಗಳು ಚಾರ್ಜಿನಲ್ಲಿಡಿ. ವಾರಕ್ಕೊಮ್ಮೆ ಇನ್‌ಬಾಕ್ಸ್ ತೆರೆದು ನೋಡಿ. ವಿಮೆ ಕಂತಿನದ್ದೋ, ಮರೆತೇಹೋದ ಸೊಸೈಟಿ ಠೇವಣಿಯದ್ದೋ ಸಂದೇಶ ಬಂದರೆ ಅಲ್ಲಿಗೆ ಹೋಗಿ ನಂಬರ್ ಬದಲಿಸಿ. ಪೂರ್ತಿ ಒಂದು ತಿಂಗಳು ಜಾಹೀರಾತು ಬಿಟ್ಟು ಬೇರೇನೂ ಬರದಿದ್ದಾಗ ರೀಚಾರ್ಜ್ ನಿಲ್ಲಿಸಿ.