ನಮ್ಮ ರಸ್ತೆಯ ವೈನ್ ಶಾಪ್‌ಗೆ ಒಂದೇ ಸ್ಟಾರ್

ಈ ಅಂಗಡಿ ಎದುರಿಗೇ ನನ್ನ ಟೈಲರಿಂಗ್ ಅಂಗಡಿ. ಹನ್ನೊಂದು ವರ್ಷದಿಂದ ನೋಡ್ತಾ ಇದ್ದೀನಿ. ಎಂಆರ್‌ಪಿಗೇ ಕೊಡ್ತಾರೆ, ಬಿಲ್ಲೂ ಕೊಡ್ತಾರೆ, ಅದರಲ್ಲಿ ತಕರಾರಿಲ್ಲ. ನನ್ನ ಸಿಟ್ಟು ಇವರು ಯಾರಿಗೆ ಮಾರ್ತಾರೆ ಅನ್ನೋದರ ಮೇಲೆ.

ಕರ್ನಾಟಕದ ಅಬಕಾರಿ ನಿಯಮದಲ್ಲಿ 21 ವರ್ಷ ತುಂಬದವರಿಗೆ ಮಾರೋ ಹಾಗಿಲ್ಲ. 2023ರಲ್ಲಿ ಅದನ್ನ 18ಕ್ಕೆ ಇಳಿಸೋ ಪ್ರಸ್ತಾಪ ಬಂದು, ಜನ ವಿರೋಧಿಸಿದ ಮೇಲೆ ಸರ್ಕಾರವೇ ಕೈಬಿಟ್ಟಿತು. ಇಲ್ಲಿ ಮಾತ್ರ ವಯಸ್ಸು ಕೇಳಿದ್ದನ್ನ ನಾನು ಒಮ್ಮೆಯೂ ನೋಡಿಲ್ಲ.

ಕಳೆದ ಶುಕ್ರವಾರ ಸಂಜೆ ಇಬ್ಬರು ಪಿಯುಸಿ ಹುಡುಗರು ಬಂದ್ರು. ಒಬ್ಬನ ಯೂನಿಫಾರ್ಮ್ ಪ್ಯಾಂಟ್ ಜೂನ್‌ನಲ್ಲಿ ನಾನೇ ಹೊಲಿದದ್ದು. ಬೆಳೆಯೋ ಹುಡುಗ ಅಂತ ಕಾಲಿಗೆ ಎರಡು ಇಂಚು ಮಡಿಕೆ ಬಿಟ್ಟಿದ್ದೆ. ಆ ಮಡಿಕೆ ಇನ್ನೂ ಬಿಚ್ಚಿಲ್ಲ. 90 ಎಂಎಲ್ ಟೆಟ್ರಾ ಪ್ಯಾಕ್ ತಗೊಂಡು, ಹಲ್ಲಲ್ಲಿ ಮೂಲೆ ಹರಿದು, ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತು ಮುಗಿಸಿ ಸ್ಕೂಟರ್ ಹತ್ತಿದ. ಕತ್ತರಿ ಬಿಟ್ಟು ಓಡಿದೆ. ಅಷ್ಟರಲ್ಲಿ ಹೊರಟೇ ಹೋಗಿದ್ರು. ಆ ರಾತ್ರಿ ನನಗೆ ಊಟ ಇಳೀಲಿಲ್ಲ.

ಇದು ಸಿಎಲ್-2 ಲೈಸೆನ್ಸಿನ ಅಂಗಡಿ, ಅಂದ್ರೆ ಕೊಂಡು ಮನೆಗೆ ಒಯ್ಯಬೇಕು, ಅಲ್ಲೇ ಕುಡಿಯೋ ಹಾಗಿಲ್ಲ. ಆದ್ರೂ ಪಕ್ಕದ ಶೀಟಿನ ಕೆಳಗೆ ಲೋಟ, ನೀರು, ಕಡಲೆಬೀಜ ಎಲ್ಲ ಸಿಗುತ್ತೆ. ಏಳು ಗಂಟೆ ಆಯ್ತು ಅಂದ್ರೆ ಟ್ಯೂಷನ್ ಮುಗಿಸಿದ ಹೆಣ್ಣುಮಕ್ಕಳು ಈ ದಾರಿ ಬಿಟ್ಟು ದೇವಸ್ಥಾನದ ಬೀದಿ ಸುತ್ತಿಕೊಂಡು ಬರ್ತಾರೆ.

ಮಾಲೀಕರೇ, ಐಡಿ ನೋಡಿ ಕೊಡಿ ಅಂತ ಎರಡು ಸಲ ಬಂದು ಕೇಳಿದ್ದೀನಿ. ನಾಳೆಯಿಂದ ಶುರುಮಾಡಿ, ಈ ರಿವ್ಯೂ ನಾನೇ ತಿದ್ದುತೀನಿ.